ಇಳಿಯುವಾಗ ಹತ್ತಿಸ್ತೇನೆ

ಮೇದಪ್ಪ ತನ್ನ ಭಾವ ಕುಕ್ಕಪ್ಪನ ಹೆಣದ ಎದೆಯ ಮೇಲೆ ಲಾರಿ ಲೈಸೆನ್ಸನ್ನು ಇಟ್ಟದ್ದೇ ತಡ, ದೇವಮ್ಮ ಅದನ್ನು ಕಿತ್ತುಕೊಂಡಳು.

"ಎಂತ ಮಾಡುದು ಅಣ್ಣ ನೀನು?"

"ನಿನ್ನ ಗಂಡ ಲಾರಿ ಬಿಟ್ಟು ಹೋಟ್ಲು ಹಾಕಿದ ಮೇಲೂ ವರ್ಷ ವರ್ಷ ಮಂಗಳೂರಿಗೆ ಹೋಗಿ ಇದನ್ನು ರಿನ್ಯೂ ಮಾಡಿಸ್ತಿದ್ದ ಅಲ್ವಾ? ಜೀವದ ವಸ್ತು ಅದು. ಚಿತೆಗೆ ಹೋಗ್ಲಿ."

"ಯಮನೂ ಕೋಣ ಮಾರಿ ಲಾರಿ ತಗೊಂಡಿದ್ರೆ ಡ್ರೈವರ್ ಬೇಕಲ್ಲ ಮಾರಾಯ್ರೆ," ಎಂದ ನೆರೆಮನೆಯ ತೀರ್ಥರಾಮ.

ದೇವಮ್ಮ ನಗಲಿಲ್ಲ. ಅವಳು ಜಗಲಿಯ ಮೂಲೆಯನ್ನು ನೋಡುತ್ತಿದ್ದಳು. ಬೇಸಗೆಯ ಬಿಸಿಲಿಗೆ ಕುಂಬ್ರದ ಕೆಮ್ಮಣ್ಣು ಹುಡಿಯಾಗಿ ಏಳುತ್ತಿತ್ತು. ಆದರೆ ಆ ಮೂಲೆಯಲ್ಲಿ, ಒಬ್ಬರು ಕೂತು ಎದ್ದಷ್ಟು ಜಾಗ ಒದ್ದೆ. ಹೆಣ ಮೀಯಿಸಿದ ನೀರೆಂದು ಹೆಂಗಸರು ದಾಟಿ ಹೋಗುತ್ತಿದ್ದರು. ಮೀಯಿಸಿದ್ದು ಹಿತ್ತಿಲಲ್ಲಿ.

*

ಸಾವಿರದ ಒಂಬೈನೂರ ಐವತ್ತೈದರ ಆಟಿ ತಿಂಗಳ ಮಳೆ. ಅಕ್ಕಿ ಹೇರಿದ ಲಾರಿ ಸಂಪಾಜೆ ಘಾಟಿಯನ್ನು ನರಳುತ್ತ ಏರುತ್ತಿತ್ತು. ತಿರುವಿನಲ್ಲಿ ಗಂಟು ಹಿಡಿದ ಮುದುಕಿಯೊಬ್ಬಳು ಕೈ ಅಡ್ಡ ಹಿಡಿದಳು.

"ಪುತ್ತೂರಿಗೆ ಮಗಾ! ಮಗಳ ಹೆರಿಗೆ ಉಂಟು!"

ಪುತ್ತೂರು ಘಾಟಿಯ ಕೆಳಗೆ, ಲಾರಿ ಹೊರಟದ್ದು ಮೇಲಕ್ಕೆ. ಅದೂ ಅಲ್ಲದೆ ಲೋಡಿನ ಲಾರಿಯನ್ನು ಏರಿನಲ್ಲಿ ನಿಲ್ಲಿಸಿದರೆ ಹಿಂದಕ್ಕೆ ಜಾರುತ್ತದೆ; ಡ್ರೈವರುಗಳು ನಿಲ್ಲಿಸುವುದಿಲ್ಲ. ಕುಕ್ಕಪ್ಪ ತಲೆ ಹೊರಗೆ ಹಾಕಿ ಕೂಗಿದ: "ಇಳಿಯುವಾಗ ಹತ್ತಿಸ್ತೇನಜ್ಜಿ, ಇಲ್ಲೇ ಕೂತಿರಿ!"

ಇಳಿಯುವಾಗ ಕ್ಲೀನರ್ ರವೂಫ್‌ನೊಡನೆ ಮಾತಾಡುತ್ತ, ಅವಳನ್ನು ಮರೆತು ತಿರುವು ದಾಟಿಬಿಟ್ಟಿದ್ದ. ಮುಂದಿನ ಟ್ರಿಪ್ಪಿನಲ್ಲಿ ಗೊತ್ತಾಯಿತು: 'ಲಾರಿಯವ ಬರ್ತೇನೆ ಹೇಳಿದ್ದಾನೆ' ಎಂದು ಅವಳು ಬಸ್ಸನ್ನೂ ಬಿಟ್ಟು, ಮಳೆಯಲ್ಲಿ ಕೂತಲ್ಲೇ ಸತ್ತಿದ್ದಳು.

ಆಮೇಲೆ ಕುಕ್ಕಪ್ಪ ಸ್ಟಿಯರಿಂಗ್ ಹಿಡಿಯಲಿಲ್ಲ. ಲಾರಿ ಬಿಟ್ಟ. ಲೈಸೆನ್ಸು ಬಿಡಲಿಲ್ಲ. "ಇದು ಇರುವಷ್ಟು ದಿನ ನಾನು ಹೇಳಿದ ಮಾತು ಬಾಕಿ ಉಂಟು. ಬಿಟ್ಟರೆ ಸುಳ್ಳು ಹೇಳಿದ ಹಾಗೆ," ಎನ್ನುತ್ತಿದ್ದ.

ಒಂದು ವರ್ಷ ಜ್ವರ ಬಂದು ರಿನ್ಯೂ ತಡವಾಯಿತು. ಆ ವಾರವೆಲ್ಲ ಜಗಲಿಯ ಮೂಲೆ ಒದ್ದೆ. ದೇವಮ್ಮ ಒರೆಸಿದಷ್ಟೂ ಒದ್ದೆ. ಅವನು ಮಂಗಳೂರಿನಿಂದ ಮೊಹರು ಹಾಕಿಸಿ ತಂದ ದಿನ ಒಣಗಿತು.

ಈ ಸಲ ಅವನು ಚಾಪೆ ಹಿಡಿದಿದ್ದಾಗಲೇ ಲೈಸೆನ್ಸಿನ ಅವಧಿ ಮುಗಿದಿತ್ತು.

*

ಚಿತೆಯ ಕೆಲಸ ಮುಗಿದು ಜನ ಕರಗಿದರು. ಸೌದೆ ತಂದಿದ್ದ ರವೂಫ್, ಈಗ ಸ್ವತಃ ಡ್ರೈವರು, ಹೊರಡುತ್ತೇನೆಂದು ಹೇಳಲು ಬಂದ.

"ಯಾವ ಕಡೆಗೆ ರವೂಫ್?"

"ಪುತ್ತೂರಿಗೆ, ದೇವಮ್ಮಕ್ಕ."

ಅವಳು ಲೈಸೆನ್ಸನ್ನು ಚಾಚಿದಳು. "ಇದನ್ನು ಸುಡ್ಲಿಕ್ಕೆ ಬಿಡ್ಲಿಲ್ಲ. ಸುಟ್ಟರೆ ಆ ಮಾತು ಯಾರ ತಲೆಗೆ? ನಾನು ಒಬ್ಬಳೇ ಇರುವವಳು. ಅವಳು ನನ್ನ ಜಗಲಿಯಲ್ಲೇ ಕೂತುಬಿಡ್ತಾಳೆ."

ರವೂಫ್ ಒದ್ದೆ ಮೂಲೆಯನ್ನು ನೋಡಿದ. ಲೈಸೆನ್ಸನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಅವತ್ತು ಆ ಲಾರಿಯಲ್ಲಿ ನಾನೂ ಇದ್ದೆ ಅಲ್ವಾ ಅಕ್ಕ."

ಅದನ್ನು ಲಾರಿಯ ಗಾಜಿನ ಎದುರು ಇಟ್ಟ. ಎಡಬದಿಯ ಬಾಗಿಲು ತೆರೆದು, ಸೀಟನ್ನು ಹೆಗಲ ಬೈರಾಸಿನಿಂದ ಒರೆಸಿ, ಮೆಲ್ಲಗೆ ಕರೆದ: "ಬನ್ನಿ ಅಜ್ಜಿ. ಇಳಿಯುವ ಲಾರಿ."

ಏನೂ ಆಗಲಿಲ್ಲ. ಮಲಗಿದ್ದ ನಾಯಿ ಮಾತ್ರ ಎದ್ದು, ಬಾಲ ಮುದುರಿಕೊಂಡು ಮನೆಯ ಹಿಂದಕ್ಕೆ ಹೋಯಿತು. ಆಮೇಲೆ ಖಾಲಿ ಲಾರಿಯ ಎಡಬದಿ ಕಿರ್ರೆಂದು ಒಂದಿಷ್ಟು ತಗ್ಗಿತು. ರವೂಫ್ ಬಾಗಿಲನ್ನು, ಒಳಗೆ ಯಾರದೋ ಸೆರಗು ಸಿಕ್ಕೀತೆಂಬಂತೆ, ಜೋಪಾನವಾಗಿ ಮುಚ್ಚಿದ.

ಲಾರಿ ತಿರುವು ದಾಟಿತು. ಹುಡಿ ಇಳಿದಾಗ ದೇವಮ್ಮ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಜಗಲಿಯ ಮೂಲೆ ಒಣಗಿತ್ತು. ಅಲ್ಲಿಂದ ಹೊರಟ ಬರಿಗಾಲಿನ ಸಣ್ಣ ಒದ್ದೆ ಹೆಜ್ಜೆಗಳು ಅಂಗಳದ ಕೆಂಪು ಹುಡಿಯನ್ನು ದಾಟಿ, ಲಾರಿಯ ಬಾಗಿಲು ಇದ್ದಲ್ಲಿಗೆ ಮುಗಿದಿದ್ದವು.