ಕತ್ತೆಗಳ ನಡುವೆ ಒಂದು ಜೀಬ್ರಾ

ಪಶ್ಚಿಮ ಟೆಕ್ಸಸ್‌ನ ಆ ಮಣ್ಣುರಸ್ತೆಯಲ್ಲಿ ನೆಲ್ಡಾ ಉರ್ಕೀಡೆಸ್ ಇಪ್ಪತ್ತೆರಡು ವರ್ಷದಿಂದ ಅಂಚೆ ಹಂಚುತ್ತಿದ್ದಳು. ತೊಂಬತ್ತು ಮೈಲಿಗೆ ಹದಿನಾಲ್ಕು ಮನೆ. ಹಾವೋ ಹಂದಿಯೋ ಅಡ್ಡ ಬಂದರೆ ಗಾಡಿ ನಿಧಾನ ಮಾಡುತ್ತಿದ್ದಳೇ ಹೊರತು ನಿಲ್ಲಿಸುತ್ತಿರಲಿಲ್ಲ. ಮೇ ತಿಂಗಳ ಆ ಮಂಗಳವಾರ ನಿಲ್ಲಿಸಿದಳು.

ಗಾಳಿಯಂತ್ರದ ಬುಡದ ತೊಟ್ಟಿಯಲ್ಲಿ, ಯಾರಿಗೂ ಸೇರದ ಐದು ಕತ್ತೆಗಳು ನೀರು ಕುಡಿಯುತ್ತಿದ್ದವು. ಜೊತೆಗೆ ಆರನೆಯದೊಂದು. ಅದಕ್ಕೆ ಮೈತುಂಬ ಪಟ್ಟೆ.

ನೆಲ್ಡಾ ಕಿಟಕಿ ಇಳಿಸಿ ನೋಡಿದಳು. ಜೀಬ್ರಾನೇ. ಆದರೆ ಇದನ್ನು ಹೇಳುವುದು ಯಾರಿಗೆ? ಹೋದ ವರ್ಷ ಇದೇ ರಸ್ತೆಯಲ್ಲಿ ಸಿಂಹ ಕಂಡೆ ಎಂದು ಹೇಳಿ, ಅದು ಆರಿನ್ ಸ್ಟೆಗಾಲ್‌ನ ಹಳದಿ ನಾಯಿಯೆಂದು ಗೊತ್ತಾಗಿ, ಅಂಚೆ ಕಚೇರಿಯವರು ಎಂಟು ತಿಂಗಳು ಅವಳನ್ನು ನೋಡಿದಾಗಲೆಲ್ಲ ಗುರ್ರೆನ್ನುತ್ತಿದ್ದರು. ತೆಪ್ಪಗೆ ಹೊರಟುಬಿಡೋಣ ಎಂದು ಗೇರು ಹಾಕಿದಳು. ಅಷ್ಟರಲ್ಲಿ ಆ ಪ್ರಾಣಿ ತಲೆ ಎತ್ತಿತು. ಕುತ್ತಿಗೆಗೆ ಮುಳ್ಳುತಂತಿ ಸುತ್ತಿಕೊಂಡು ಮಾಂಸದೊಳಗೆ ಇಳಿದಿತ್ತು. ನೊಣ ಮುತ್ತಿದ್ದವು.

ಆ ಜಮೀನು ಸ್ಟೆಗಾಲ್‌ನದೇ. ಎಪ್ಪತ್ತೆಂಟು ವರ್ಷದ ಒಂಟಿ ಮುದುಕ. ನೆಲ್ಡಾ ಹೋದಾಗ ಹನ್ನೊಂದು ಮೈಲಿ ಆಚೆ, ತನ್ನ ಮನೆಯ ಜಗಲಿಯ ಮೇಲೆ ಬೂಟಿಗೆ ಎಣ್ಣೆ ಹಚ್ಚುತ್ತ ಕೂತಿದ್ದ.

"ಏನಮ್ಮಾ, ಇವತ್ತು ಆನೆ ಬಂದಿತ್ತಾ ದಾರೀಲಿ?"

"ಜೀಬ್ರಾ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನೆಲ್ಡಾ ನಗಲಿಲ್ಲ.

"ಕುತ್ತಿಗೇಲಿ ತಂತಿ ಕೂತಿದೆ ಆರಿನ್. ಕೀವು ಸೋರ್ತಾ ಇದೆ. ನಗೋದಾದ್ರೆ ಆಮೇಲೆ ನಗು, ಮೊದಲು ಇಕ್ಕಳ ತಗೋ."

ಅವನು ಅವಳ ಮುಖ ನೋಡಿ, ಇಕ್ಕಳವನ್ನೂ ಅರ್ಧ ಮೂಟೆ ಹಿಂಡಿಯನ್ನೂ ತಂದು ತನ್ನ ಗಾಡಿಯಲ್ಲಿ ಅವಳ ಹಿಂದೆ ಹೊರಟ.

ತೊಟ್ಟಿಯ ಸುತ್ತ ದನ ಕೂಡಿಹಾಕುವ ದೊಡ್ಡಿಯಿತ್ತು. ಹಿಂಡಿಯ ವಾಸನೆಗೆ ಕತ್ತೆಗಳು ಒಳಗೆ ನುಗ್ಗಿದವು, ಅವುಗಳ ಹಿಂದೆಯೇ ಜೀಬ್ರಾ. ಆರಿನ್ ಗೇಟು ಎಳೆದ. ಕತ್ತೆಗಳನ್ನು ಒಂದೊಂದಾಗಿ ಹೊರಗೆ ಅಟ್ಟಿ, ಜೀಬ್ರಾವನ್ನು ದೊಡ್ಡಿಯ ಮೂಲೆಯಲ್ಲಿ ಹಲಗೆ ಕಟ್ಟಿದ ಇಕ್ಕಟ್ಟಾದ ಓಣಿಗೆ ತಳ್ಳುವಷ್ಟರಲ್ಲಿ ಒಂದೂವರೆ ಗಂಟೆ ಹಿಡಿಯಿತು. ಅದು ಒದ್ದ ರಭಸಕ್ಕೆ ಹಲಗೆಯೊಂದು ಸೀಳಿತು. ಆರಿನ್‌ನ ಮೊಣಕೈಗೂ ಬಾಯಿ ಹಾಕಿತು.

"ಕಚ್ತು ಕಣೇ ಮುಂಡೇದು! ಕುದುರೆ ಯಾವತ್ತಾದ್ರೂ ಹಿಂಗೆ ಕಚ್ಚಿದ್ದುಂಟಾ?"

"ಕುದುರೆ ಅಲ್ವಲ್ಲಾ. ನೀನು ಹಿಂಡಿ ತೋರಿಸ್ತಾ ಇರು, ನಾನು ಕತ್ತರಿಸ್ತೀನಿ."

ನೆಲ್ಡಾ ಹಲಗೆಗಳ ಸಂದಿಯಲ್ಲಿ ಕೈ ತೂರಿಸಿ ಮೂರು ಕಡೆ ತಂತಿ ಕತ್ತರಿಸಿದಳು. ತುಂಡುಗಳನ್ನು ಎಳೆದಾಗ ಅದರ ಮೈಯೆಲ್ಲ ನಡುಗಿತು. ಆರಿನ್ ಗಾಯಕ್ಕೆ ದನದ ಔಷಧಿ ಸುರಿದ.

ಇಂಥ ಪ್ರಾಣಿಗಳನ್ನು ಸಾಕಿ, ಬೇಟೆಯ ಶೋಕಿಯವರಿಗೆ ದುಡ್ಡಿಗೆ ಬಿಟ್ಟುಕೊಡುವ ದೊಡ್ಡ ಜಮೀನೊಂದು ಬೆಟ್ಟದಾಚೆ ಇತ್ತು. ಇಬ್ಬರೂ ಮನೆಗೆ ಮರಳಿದ ಮೇಲೆ ಆರಿನ್ ಅಲ್ಲಿಗೆ ಫೋನು ಮಾಡಿದ. ಬೇರೆಯವರ ಪ್ರಾಣಿ, ತಿಳಿಸಬೇಕು ಎಂಬುದು ಅವನ ನ್ಯಾಯ. ಆ ಕಡೆಯಿಂದ ಒಬ್ಬ ಹೆಂಗಸು, ಜಮೀನು ಮಾರಿ ಆರು ತಿಂಗಳಾಯಿತೆಂದೂ ಕೊಂಡವರಿಗೆ ಪ್ರಾಣಿ ಬೇಡವೆಂದೂ ಹೇಳಿದಳು. "ನಿಮ್ಮ ಹತ್ರ ಇದ್ರೆ ನಿಮ್ದೇ ಅಂತ ಇಟ್ಕೊಳ್ಳಿ ಸರ್."

ಆರಿನ್ ಫೋನು ಇಟ್ಟ. "ನನ್ನದಂತೆ. ಈ ವಯಸ್ಸಲ್ಲಿ ನಂಗೆ ಇದೊಂದು ಬೇಕಾಗಿತ್ತಾ?"

"ಬೇಡ ಅಂದ್ರೆ ಗೇಟು ತೆಗೆದುಬಿಡು."

"ಗಾಯ ಮಾಗ್ಲಿ, ಆಮೇಲೆ ನೋಡೋಣ."

ನೆಲ್ಡಾಳಿಗೆ ಇನ್ನೂ ಏಳು ಮನೆ ಬಾಕಿಯಿತ್ತು. ಮೂರು ಗಂಟೆ ತಡ. ಪ್ರತಿ ಮನೆಯಲ್ಲೂ ಕಾರಣ ಕೇಳಿದರು, ಪ್ರತಿ ಮನೆಯಲ್ಲೂ ಹೇಳಿದಳು. ಇಬ್ಬರು ನಕ್ಕರು. ಒಬ್ಬಾಕೆ ಕಾಫಿ ಕೊಟ್ಟು ಮೊದಲಿನಿಂದ ಹೇಳಿಸಿಕೊಂಡಳು.

ಗುರುವಾರ ಅವಳು ಆ ದಾರಿಯಲ್ಲಿ ಬಂದಾಗ ದೊಡ್ಡಿಯ ಬಳಿ ನಾಲ್ಕು ಗಾಡಿ ನಿಂತಿದ್ದವು. ಕತ್ತೆಗಳು ಬೇಲಿಗೆ ಮೈ ತಾಗಿಸಿ ಹೊರಗೇ ಕಾಯುತ್ತಿದ್ದವು. ಆರಿನ್ ಮಡಚುಕುರ್ಚಿ ಹಾಕಿ, ಮೊಣಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ.

"ಹತ್ರ ಹೋಗ್ಬೇಡಿ ಅಂದ್ನಲ್ಲಾ!" ಎಂದು ಜೀಬ್ರಾ ನೋಡಲು ಬಂದವರನ್ನು ಗದರಿಸುತ್ತಿದ್ದ. "ಅವಳಿಗೆ ಹೊಸಬರನ್ನ ಕಂಡ್ರೆ ಆಗೋಲ್ಲ."