ಕೂತ್ಕೋ ಅನ್ನುವವರೆಗೆ

ಟೈ ಗಂಟು ಮತ್ತೆ ಜಾರಿತು. ಮಗಳು ಅಪ್ಪನ ಕತ್ತಿನ ಕೆಳಗೆ ಕೈ ತೂರಿಸಿ, ಅಂಗಿಯ ಕಾಲರ್ ಎತ್ತಿ, ಮೊದಲಿನಿಂದ ಶುರು ಮಾಡಿದಳು. ಕನ್ನಡಕದ ಅಂಗಡಿಯಲ್ಲಿ ಸಾಸಿವೆ ಗಾತ್ರದ ತಿರುಪುಗಳನ್ನು ಕೂರಿಸುವ ಬೆರಳುಗಳಿಗೆ ಈ ಕಂದು ಬಣ್ಣದ ಪಟ್ಟಿ ಮಣಿಯುತ್ತಿರಲಿಲ್ಲ.

"ಬಿಡು, ನಾನು ನೋಡ್ತೀನಿ," ಎಂದ ಗಂಡ.

"ನಿನಗೆ ಬರುತ್ತಾ?"

"ನಮ್ಮ ಸ್ಕೂಲಲ್ಲಿ ಚಡ್ಡಿಗೆ ಗುಂಡಿ ಇದ್ರೆ ಅದೇ ದೊಡ್ಡದು. ಟೈ ಎಲ್ಲಿಂದ ಬರಬೇಕು?"

ಪಕ್ಕದ ಮನೆಯ ಟೈಲರಕ್ಕ ಹೂವಿನ ಬುಟ್ಟಿ ಕೆಳಗಿಟ್ಟು ಬಂದಳು. "ಗಂಟು ಯಾಕೆ? ಹಿಂದುಗಡೆ ಎರಡು ಹೊಲಿಗೆ ಹಾಕಿಬಿಡ್ತೀನಿ. ಇನ್ನು ಬಿಚ್ಚೋರು ಯಾರು?" ಎಂದವಳೇ ತನ್ನ ಮಾತಿಗೆ ತಾನೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಟೈ ಬೆಳಗ್ಗೆ ಬಂದಿತ್ತು. ಅಪ್ಪ ಉಗ್ರಾಣ ನೋಡಿಕೊಳ್ಳುತ್ತಿದ್ದ ಬಣ್ಣದ ಕಾರ್ಖಾನೆಯ ಯಜಮಾನರು ಡ್ರೈವರ್ ಕೈಯಲ್ಲಿ ಕಳಿಸಿದ್ದರು. ಯಜಮಾನರೂ ಅಪ್ಪನೂ ಒಂದೇ ತರಗತಿಯವರು. ನೂರು ವರ್ಷ ದಾಟಿದ ಶಾಲೆ. ಅಲ್ಲಿ ಓದಿದವರು ಸತ್ತರೆ ಶಾಲೆಯ ಟೈ ಹಾಕಿ, ಉಳಿದ ಸಹಪಾಠಿಗಳು ಬಂದು ಕೊನೆಯ ಹಾಜರಿ ಕೂಗಬೇಕು. ಆಮೇಲೆಯೇ ಹೆಣ ಎತ್ತುವುದು.

ಗಂಡ ದನಿ ತಗ್ಗಿಸಿದ. "ಯಜಮಾನರು ಬಂದಾಗ ಆ ಶಾಲೇಲಿ ನಮ್ಮ ಪುಟ್ಟಿ ಸೀಟಿನ ವಿಷಯ ಎತ್ತು."

"ಹೆಣದ ಮುಂದೆ ಸೀಟು ಕೇಳ್ಲಾ?"

"ಮಾವ ಬದುಕಿದ್ದಾಗ ಕೇಳೋಕೆ ಬಿಡಲಿಲ್ಲ. ಇವತ್ತು ಬಿಟ್ರೆ ಇನ್ನು ಆ ಮನುಷ್ಯ ನಮ್ಮನೆಗೆ ಯಾಕೆ ಬರ್ತಾರೆ, ಹೇಳು?"

ಅವನು ಹೇಳಿದ್ದು ಸುಳ್ಳಲ್ಲ. ಪುಟ್ಟಿಯ ಶಾಲೆಯಲ್ಲಿ ಎರಡು ತರಗತಿಗೆ ಒಂದೇ ಕೋಣೆ, ಒಬ್ಬರೇ ಟೀಚರು. ಈ ವರ್ಷ ಅವರೂ ಬಿಟ್ಟು ಹೋಗಿದ್ದರು. ಪುಟ್ಟಿ ತನಗಿಂತ ಚಿಕ್ಕವರಿಗೆ ಮಗ್ಗಿ ಹೇಳಿಕೊಟ್ಟು ಮನೆಗೆ ಬರುತ್ತಿದ್ದಳು.

ಮಗಳು ಅಪ್ಪನ ಮುಖ ನೋಡಿದಳು. ನಿನ್ನೆ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ನಿಂತಿದ್ದವನು ನಿಂತಲ್ಲೇ ಕುಸಿದಿದ್ದ. "ಇಷ್ಟೊಂದು ಕುರ್ಚಿ ಖಾಲಿ ಇದ್ವಲ್ಲಮ್ಮ," ಎಂದು ನರ್ಸ್ ಮತ್ತೆ ಮತ್ತೆ ಹೇಳಿದ್ದಳು, ತಪ್ಪು ತನ್ನದೇ ಎಂಬಂತೆ.

*

ಊಟದ ಹೊತ್ತಿಗೆ ಅಪ್ಪ ಮೇಜಿನ ಬಳಿ ಬಂದು ನಿಲ್ಲುತ್ತಿದ್ದ. ಕುರ್ಚಿ ಎಳೆದುಕೊಳ್ಳುತ್ತಿದ್ದ, ಕೂರುತ್ತಿರಲಿಲ್ಲ. ಅಮ್ಮ ಒಲೆಯ ಕಡೆಯಿಂದಲೇ, "ಕೂತ್ಕೊಳ್ಳೀಂದ್ರೆ," ಅನ್ನಬೇಕು, ಆಗ ಕೂರುವುದು. ಅಮ್ಮ ತೀರಿಕೊಂಡ ಮೇಲೆ ಆ ಕೆಲಸ ಮಗಳ ಪಾಲಿಗೆ ಬಂತು. ಚಿಕ್ಕ ಹುಡುಗಿಗೆ ಅದೊಂದು ಆಟ. ಬೇಕೆಂದೇ ಬಾಯಿ ಬಿಗಿಹಿಡಿದು ಸತಾಯಿಸುವಳು. ಅಪ್ಪ ಕೈಕಟ್ಟಿಕೊಂಡು ನಗುತ್ತಾ ನಿಂತಿರುವನು. ಕೊನೆಗೆ ಅವಳು ಯಜಮಾನಿಯ ಗತ್ತಿನಲ್ಲಿ "ಕೂತ್ಕೋಪ್ಪಾ" ಅಂದರೆ, ಏನೋ ಬಿಡುಗಡೆ ಸಿಕ್ಕಿದವನಂತೆ ಧೊಪ್ಪೆಂದು ಕೂರುವನು.

ಒಂದು ದಿನ ಏನಕ್ಕೋ ಮುನಿಸಿಕೊಂಡು, ಹೇಳದೆಯೇ ಹೋಗಿ ಮಲಗಿದಳು. ಬೆಳಗ್ಗೆ ನೋಡಿದರೆ ತಟ್ಟೆ ತೊಳೆದಿತ್ತು. ನಿಂತೇ ಉಂಡನೋ, ಉಣ್ಣದೆಯೇ ತೊಳೆದಿಟ್ಟನೋ ಅವಳು ಕೇಳಲಿಲ್ಲ.

*

ಯಜಮಾನರ ಜೊತೆ ಮೂವರು ಮುದುಕರು ಬಂದರು. ನಾಲ್ವರ ಕತ್ತಿನಲ್ಲೂ ಅದೇ ಕಂದು ಟೈ. ಒಬ್ಬರು ಡಾಕ್ಟರು, ಆಗಿನ ತರಗತಿಯ ಮಾನಿಟರ್. ಯಜಮಾನರು ಹೆಣಕ್ಕೆ ಹಾರ ಹಾಕಿ, ಬಹಳ ಹೊತ್ತು ಕೈಮುಗಿದು ನಿಂತು, ಟೈಲರಕ್ಕ ತಂದ ಕುರ್ಚಿಯಲ್ಲಿ ಕುಸಿದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ನಿಮ್ಮಪ್ಪನಂಥ ಮನುಷ್ಯ ಸಿಗಲ್ಲಮ್ಮ. ಡ್ರಮ್ಮಿನ ಮೇಲೆ ಬೆರಳಲ್ಲಿ ತಟ್ಟಿ, ಒಳಗೆ ಎಷ್ಟು ಬಣ್ಣ ಇದೆ ಅಂತ ಹೇಳೋನು. ನಮ್ಮಪ್ಪ ಅವನನ್ನ ಇಂಟರ್‌ವ್ಯೂನೇ ಮಾಡಲಿಲ್ಲ, ಗೊತ್ತಾ? ಟೈ ನೋಡಿದ್ರು, ನಾಳೆಯಿಂದ ಬಾ ಅಂದ್ರು."

"ಹೇಳ್ತಿದ್ದ ಸಾರ್."

"ಜೋಡಿ ವಿಷಯ ಹೇಳಿದ್ನಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅಯ್ಯೋ, ಅದನ್ನೇ ಹೇಳಿಲ್ವಾ!" ಯಜಮಾನರ ಮುಖ ಅರಳಿತು. "ಫೀಸು ಕಟ್ಟೋ ಹುಡುಗನಿಗೂ ಪುಕ್ಕಟೆ ಸೀಟಿನ ಹುಡುಗನಿಗೂ ನಮ್ಮಲ್ಲಿ ಜೋಡಿ ಹಾಕೋರು. ಅಣ್ಣತಮ್ಮಂದಿರ ಥರ ಇರಲಿ ಅಂತ. ಇಬ್ಬರಲ್ಲಿ ಯಾರು ತಪ್ಪು ಮಾಡಿದ್ರೂ ಶಿಕ್ಷೆಗೆ ಒಬ್ಬ ಎದ್ದು ನಿಂತ್ರೆ ಸಾಕು. ಯಾರು ನಿಲ್ಲೋದು ಅಂತ ನಾವೇ ತೀರ್ಮಾನ ಮಾಡ್ಕೋಬೇಕು. ಐದು ವರ್ಷ ನಾನು ಒಂದು ಸಲಾನೂ ನಿಂತಿಲ್ಲ, ನೋಡು!"

"ಇವನು ಮಾಡದ ಕಿತಾಪತಿ ಇರಲಿಲ್ಲ," ಎಂದರು ಡಾಕ್ಟರು. "ಗಂಟೆ ಗೋಪುರದ ಕೆಳಗೆ, ಬಿಸಿಲಲ್ಲಿ. ಮೇಷ್ಟ್ರು ಕೂತ್ಕೋ ಅನ್ನೋವರೆಗೂ ಕೂರೋ ಹಾಗಿಲ್ಲ."

"ಒಂದು ಸಲ ಮೇಷ್ಟ್ರು ಮರೆತು ಮನೆಗೇ ಹೋಗ್ಬಿಟ್ರು!" ಯಜಮಾನರು ತೊಡೆ ತಟ್ಟಿ ನಕ್ಕರು. "ಕತ್ತಲಾದ್ರೂ ಈ ಪುಣ್ಯಾತ್ಮ ಅಲ್ಲೇ ನಿಂತಿದ್ದಾನೆ! ವಾಚ್‌ಮನ್ ಕೂತ್ಕೋ ಅಂದ್ರೂ ಕೂರ್ಲಿಲ್ವಂತೆ."

ಮುದುಕರೆಲ್ಲ ನಕ್ಕರು. ಆ ನಗುವಿನಲ್ಲಿ ಕೆಟ್ಟತನವಿರಲಿಲ್ಲ; ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಅವಳು ಗೋಡೆಗೆ ಬೆನ್ನು ಕೊಟ್ಟಳು.

ಗಂಡ ಕೆಮ್ಮಿದ. ಅವಳು ಬಾಯಿ ತೆರೆಯಲಿಲ್ಲವೆಂದು ತಾನೇ ಮುಂದೆ ಬಂದ. "ಸಾರ್, ನಮ್ಮ ಪುಟ್ಟೀದು ಒಂದು ಸೀಟು…"

"ಅದನ್ನ ಕೇಳಬೇಕಾ? ಮೊಮ್ಮಗಳು ತಾನೇ! ಸೋಮವಾರ ಕಳಿಸು. ಪುಕ್ಕಟೆ ಸೀಟು, ನಾನಿದ್ದೀನಿ."

"ಸಾರ್," ಎಂದಳು ಮಗಳು, "ಜೋಡಿ ಹಾಕೋದು ಈಗಲೂ ಇದೆಯಾ?"

"ಅದೇ ಅಲ್ವೇನಮ್ಮ ನಮ್ಮ ಹೆಮ್ಮೆ! ಹಾಗಂತ ಬಿಸಿಲಲ್ಲಿ ನಿಲ್ಲಿಸಲ್ಲ, ಕಾಲ ಬದಲಾಗಿದೆ. ಈಗ ಕ್ಲಾಸಿನೊಳಗೇ ನಿಲ್ಲಿಸ್ತಾರೆ."

*

ಚಿಕ್ಕವಳಿದ್ದಾಗ ಅಪ್ಪ ಅವಳನ್ನು ಒಮ್ಮೆ ಆ ಶಾಲೆಗೆ ಕರೆದುಕೊಂಡು ಹೋಗಿದ್ದ. ರಜೆಯ ದಿನ. ಲೈಬ್ರರಿಯ ಕಿಟಕಿಗೆ ಅವಳನ್ನು ಎತ್ತಿ ಹಿಡಿದು, ಸೂರಿನವರೆಗೂ ಇದ್ದ ಪುಸ್ತಕಗಳನ್ನೂ ಅವುಗಳಿಗೆ ಒರಗಿಸಿದ್ದ ಏಣಿಯನ್ನೂ ತೋರಿಸಿದ.

"ಇಲ್ಲಿ ಓದಿದ್ದಕ್ಕೇ ಕೆಲಸ ಸಿಕ್ತು, ಮನೆ ಸಿಕ್ತು. ಬ್ಯಾಂಕಿನವನೂ ನನಗೆ ಸಾರ್ ಅಂತಾನೆ." ದನಿಯಲ್ಲಿ ಹೆಮ್ಮೆಯಿತ್ತು.

"ಹಾಗಿದ್ರೆ ನನ್ನನ್ನೂ ಸೇರಿಸು."

ಅಪ್ಪ ಗಂಟೆ ಗೋಪುರದ ಕೆಳಗಿನ ಕಲ್ಲುಹಾಸನ್ನೇ ನೋಡುತ್ತಿದ್ದ. "ಕಾಲು ನೋಯುತ್ತೆ ಮಗಳೇ," ಎಂದ.

ದೂರವಾಗುತ್ತದೆ ಅನ್ನುತ್ತಿದ್ದಾನೆ ಎಂದುಕೊಂಡಳು. ಅವನು ಅವಳನ್ನು ಸೇರಿಸಿದ ಶಾಲೆ ಅದಕ್ಕಿಂತ ದೂರವಿತ್ತು. ಅಲ್ಲಿ ಮಳೆ ಬಂದರೆ ಪಾಠವಿಲ್ಲ. ಕೊನೆಯ ಪರೀಕ್ಷೆಯಲ್ಲಿ ಅವಳು ಗಣಿತದಲ್ಲಿ ನಪಾಸಾದಳು. ಆ ಸಿಟ್ಟನ್ನು ನಿನ್ನೆಯವರೆಗೂ ಇಟ್ಟುಕೊಂಡಿದ್ದಳು.

*

ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಡಾಕ್ಟರು ಹೆಣದ ತಲೆಯ ಬಳಿ ನಿಂತು, ಗಂಟಲು ಸರಿಮಾಡಿಕೊಂಡು, ನೆನಪಿನಿಂದಲೇ ಹಾಜರಿ ಕೂಗತೊಡಗಿದರು. ತರಗತಿಯ ಪೂರ್ತಿ ಹಾಜರಿಯಲ್ಲ, ಉಳಿದವರದು ಮಾತ್ರ. ಒಬ್ಬರು "ಇದ್ದೀನಿ ಸಾರ್" ಎಂದರು. ಇನ್ನೊಬ್ಬರು ಕೋಲೂರಿಕೊಂಡೇ ಕೈ ಎತ್ತಿದರು.

"ಹದಿನೇಳು," ಎಂದರು ಡಾಕ್ಟರು. ಅದು ಅಪ್ಪನ ಸಂಖ್ಯೆ.

ಸತ್ತವನ ಪರವಾಗಿ ಅವನ ಜೋಡಿ ಎದ್ದು ನಿಂತು 'ಇದ್ದಾನೆ' ಅನ್ನಬೇಕು. ಎಲ್ಲರೂ ಯಜಮಾನರ ಕಡೆ ತಿರುಗಿದರು. ಅವರು ಮೊಣಕಾಲು ಸವರಿಕೊಂಡರು.

"ನನ್ನ ಮಂಡಿ ವಿಷಯ ಗೊತ್ತಲ್ಲ ಡಾಕ್ಟರೇ. ಪುಟ್ಟೀ, ಬಾಮ್ಮ ಇಲ್ಲಿ. ನನ್ನ ಬದಲು ನೀನು ನಿಂತ್ಕೋ. ಹೇಗೂ ನಮ್ಮ ಶಾಲೆಗೆ ಬರೋಳೇ. 'ಇದ್ದಾರೆ ಸಾರ್' ಅಂದ್ರೆ ಆಯ್ತು."

ಅಜ್ಜನ ಕಾಲ ಬಳಿ ಕೂತಿದ್ದ ಪುಟ್ಟಿ ಖುಷಿಯಿಂದಲೇ ಎದ್ದಳು. ಲಂಗ ಸರಿಮಾಡಿಕೊಂಡು, ಕೈಕಟ್ಟಿದಳು.

ಮಗಳು ಅವಳ ಭುಜದ ಮೇಲೆ ಕೈಯಿಟ್ಟಳು. "ಕೂತ್ಕೋ."

"ಅಮ್ಮಾ…"

"ಕೂತ್ಕೋ ಪುಟ್ಟೀ."

ಗಂಡ ಅವಳ ಮೊಣಕೈ ಹಿಡಿದ. "ಏನು ಮಾಡ್ತಿದೀಯ? ಸೋಮವಾರ ಅಂದಿದ್ದಾರೆ ಕಣೇ…"

"ಅವಳು ನಿಲ್ಲಲ್ಲ ಸಾರ್," ಎಂದಳು ಮಗಳು. "ಜೋಡಿ ನೀವು."

ಹೊರಗೆ ವ್ಯಾನಿನವನು ಎಂಜಿನ್ ಆರಿಸಿದ. ಡಾಕ್ಟರು ಇನ್ನೊಮ್ಮೆ, ಸಣ್ಣಗೆ, "ಹದಿನೇಳು," ಎಂದರು.

ಯಜಮಾನರು ಕುರ್ಚಿಯ ಎರಡೂ ಕೈ ಹಿಡಿದು ಒತ್ತಿದರು. ಅರ್ಧ ಎದ್ದು, ಮತ್ತೆ ಕುಸಿದು, ಹಲ್ಲು ಕಚ್ಚಿ ಎದ್ದರು. ನಿಂತ ಮೇಲೆ ಅವರ ಕೈಗಳು ತಾವಾಗಿಯೇ ಎದೆಯ ಮೇಲೆ ಕಟ್ಟಿಕೊಂಡವು.

"ಇದ್ದಾನೆ ಸಾರ್."

ಹುಡುಗನ ದನಿಯಷ್ಟು ತೆಳ್ಳಗಿತ್ತು. ಈಗ ಕೂತ್ಕೋ ಅನ್ನಬೇಕಾದ ಡಾಕ್ಟರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಯಜಮಾನರು ಅವರ ಕಡೆ ನೋಡಿದರು. ಕಾದರು. ಮಂಡಿ ನಡುಗತೊಡಗಿದಾಗ ಮಗಳ ಕಡೆ ನೋಡಿದರು.

ಅವಳು ಬಗ್ಗಿ, ಅಪ್ಪನ ಕಾಲಿನ ಬಳಿ ಸರಿದಿದ್ದ ಬಿಳಿ ಬಟ್ಟೆಯನ್ನು ಎಳೆದು ಪಾದ ಮುಚ್ಚಿದಳು. ಅಂಚನ್ನು ಒಂದು ಕಡೆ ಮಡಿಸಿದಳು. ಆಮೇಲೆ ಇನ್ನೊಂದು ಕಡೆ.

ಯಜಮಾನರ ಹಿಂದೆ ಕುರ್ಚಿ ಖಾಲಿಯಿತ್ತು. ಅವರು ನಿಂತೇ ಇದ್ದರು.