ಬೇವು ಕಟ್ಟದ ಬಾಗಿಲು

ಘಲ್ ಎಂದಿತು, ಒಂದೇ ಸಲ, ಬೀದಿಯ ಕಡೆಯಿಂದ, ಮರಿಗೆಯ ನೀರಿನಲ್ಲಿದ್ದ ಮೂಗಮ್ಮನ ಕೈ ಅಲ್ಲೇ ನಿಂತಿತು — ಮಾಯನ ಕಾಲ್ಗೆಜ್ಜೆ ಅದು, ಎಡಗಾಲಿನದು, ಅದರೊಳಗಿನ ಹರಳು ಸಣ್ಣದಾಗಿ ಬಿದ್ದು ಬಲಗಾಲಿನದಕ್ಕಿಂತ ತೆಳ್ಳಗೆ ನುಡಿಯುತ್ತದೆ, ಮಾಡುವಾಗಲೇ ಗಂಡ ಕಾಳಪ್ಪ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇರ್ಲಿ ಬುಡು, ಎಂಟು ತಿಂಗ್ಳ ಕೂಸು ಬಂದು ಜಗಳ ಆಡಾದಾ ಅಂದಿದ್ದ, ಎದುರುಮನೆಯ ಪಡಸಾಲೆಯಲ್ಲಿ ಕೂಸು ತೆವಳಿದರೆ ಇಲ್ಲಿಗೆ ಕೇಳುತ್ತಿತ್ತು, ಕೇಳುತ್ತಿತ್ತು, ಈಗ ಕೇಳಬಾರದು, ಮಾಯ ಹೋಗಿ ಹನ್ನೊಂದು ದಿನ, ಹೇಮಾವತಿಯ ದಂಡೆಯಲ್ಲಿ ಮಣ್ಣು ಮುಚ್ಚಿ ಕಲ್ಲು ಹೇರಿ ಬಂದದ್ದು ಊರಿಗೆಲ್ಲ ಗೊತ್ತು. ಎತ್ತಿನ ಕೊರಳಿನ ಗಂಟೆಯಿರಬೇಕು, ತೊಳಿ, ನಿನ್ನ ಕೆಲಸ ನೀನು ನೋಡು ಎಂದುಕೊಂಡು ಮರಿಗೆಯನ್ನು ಮತ್ತೆ ತೂಗಿದಳು, ಅಗ್ಗಿಷ್ಟಿಕೆಯ ಸುತ್ತ ಎಂಟು ದಿನ ಗುಡಿಸಿ ಕೂಡಿಟ್ಟ ಧೂಳು, ನೀರು ಬಿಟ್ಟು ಓಲಾಡಿಸಿದರೆ ಬೂದಿ ತೇಲಿ ಹೋಗುತ್ತದೆ, ಮಣ್ಣು ಕರಗಿ ಹೋಗುತ್ತದೆ, ಕಡೆಗೆ ತಳದಲ್ಲಿ ಅರ ತಿಕ್ಕುವಾಗ ಉದುರಿದ ಚಿನ್ನದ ಪುಡಿ ನಿಲ್ಲುತ್ತದೆ, ಸಾಸಿವೆಯ ಕಾಲುಭಾಗದಷ್ಟು, ಹಳದಿ — ಮದುವೆಯಾಗಿ ಬಂದ ವರ್ಷ ಅತ್ತೆ ಇದೇ ಮೂಲೆಯಲ್ಲಿ ಕೂರಿಸಿ ಕಲಿಸಿದ್ದು, ಅಕ್ಕಸಾಲಿ ಮನೇಲಿ ಯಾವ್ದೂ ಕಳ್ದೋಗಾಕಿಲ್ಲ ಕಣೆ, ತೊಳೀತಾ ಇದ್ರೆ ಒಂದಿನ ಕಣ್ಣಿಗೆ ಬಿದ್ದೇ ಬೀಳ್ತದೆ. ಆಗ ಅದು ಸಮಾಧಾನದ ಮಾತಾಗಿತ್ತು. ಸಾಸಿವೆ, ಬೇಡ, ಎದುರುಮನೆಯ ಸಾಸಿವೆಯ ಮಾತು ಊರೆಲ್ಲ ಆಡುತ್ತಿದೆ, ಅದರ ನೆನಪು ಈಗ ಬೇಡ.

ದ್ಯಾವಮ್ಮ. ಗೆಜ್ಜೆ ಅಲ್ಲದಿದ್ದರೂ ಆ ಹೆಜ್ಜೆ ಅವಳದೇ, ಎದುರುಮನೆಯ ದ್ಯಾವಿ, ಮಾಯನ ತಾಯಿ, ದಿನಾ ಬೆಳಗ್ಗೆ ಕೆಂಡಕ್ಕೆ ಬರುತ್ತಿದ್ದವಳು, ಅಕ್ಕಿಹೆಬ್ಬಾಳಿನ ಒಲೆಗಳೆಲ್ಲ ಆರಿದರೂ ಅಕ್ಕಸಾಲಿಯ ಬೆಂಕಿ ಆರುವುದಿಲ್ಲವಲ್ಲ, ಒಂದು ಕೈಯಲ್ಲಿ ಓಡಿನ ಚೂರು, ಸೊಂಟದ ಮೇಲೆ ಮಾಯ, ಬಾಗಿಲಲ್ಲೇ ಗಂಟಲು — ಮೂಗಕ್ಕಾ, ನಿಮ್ಮಟ್ಟಿ ಚಿನ್ನವಂತೂ ನಮ್ಮಂತೋರ ಕಣ್ಣಿಗೆ ಬೀಳಾಕಿಲ್ಲ, ಕೆಂಡನಾರ ಕೊಡವ್ವ — ಒಳಗಿನಿಂದ ಕಾಳಪ್ಪ, ಕೆಂಡಾನೂ ತೂಗೇ ಕೊಡಾದು ಕಣವ್ವ ನಾವು — ತೂಗಿ ಆಚಾರ್ರೇ, ನಿಮ್ ತಕ್ಕಡಿ ಯಾವ್ ಕಡೆ ವಾಲ್ತದೆ ಅಂತ ಊರಿಗೇ ಗೊತ್ತು — ನಗು, ಅವಳು ನಕ್ಕರೆ ಮಾಯನೂ ನಗುತ್ತಿದ್ದ, ಯಾಕೆಂದು ತಿಳಿಯದೆಯೇ ನಗುತ್ತಿದ್ದ, ಮುಂದಿನ ಎರಡೇ ಹಲ್ಲು, ಅಷ್ಟರಲ್ಲಿ ಮಗಳು ನಿಂಗಿ ಕೈ ಚಾಚಿಕೊಂಡು ಬರುತ್ತಿದ್ದಳು, ಏಳು ವರ್ಷದ ಹುಡುಗಿ, ತನ್ನ ಸೊಂಟಕ್ಕಿಂತ ದಪ್ಪದ ಕೂಸನ್ನು ಇಸಿದುಕೊಂಡು ಹೊಸ್ತಿಲ ಮೇಲೆ ಕೂತು ಗೆಜ್ಜೆ ಎಣಿಸುತ್ತಿದ್ದಳು, ಮಾಯ ಅವಳ ಜಡೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ, ಬಾಗಿಲು ತೆರೆದೇ ಇರುತ್ತಿತ್ತು, ಬಾಗಿಲು, ಬಾಗಿಲ ಮೇಲಿನ ಮೊಳೆ.

ಆ ಮೊಳೆ ಹೊಡೆದದ್ದು ಸುಲ್ತಾನರ ಪಟ್ಟಣದ ಸುತ್ತ ಪರದಂಡು ಕೂತಿದ್ದ ವರ್ಷ, ಎರಡು ವರ್ಷವಾಯಿತು, ಹಿರೋಡೆ ಕಡೆಯಿಂದ, ಕರಿಘಟ್ಟದ ಕೆಳಗಿನ ಊರುಗಳಿಂದ ಜನ ಗಂಟುಮೂಟೆ ಹೊತ್ತು ಹೊಳೆ ಹಿಡಿದು ಬಂದರು, ಅವರ ಹಿಂದೆಯೇ ಅಮ್ಮನೂ ಬಂದಳು — ಸಿಡುಬು ಎಂದು ಬಾಯಿಬಿಡಬಾರದು, ಅಮ್ಮ ಅನ್ನಬೇಕು, ಬಂದವ್ಳೆ ಅನ್ನಬೇಕು, ಹೋಗು ಅನ್ನಬಾರದು — ಮಗ ಚಂದ್ರನ ಹಣೆಯ ಮೇಲೆ ಮೊದಲ ಬೊಕ್ಕೆ ಕಂಡ ಬೆಳಗ್ಗೆ ಕಾಳಪ್ಪ ಬೆಳ್ಳಿ ತಟ್ಟುವ ಚಿಕ್ಕ ಸುತ್ತಿಗೆಯಿಂದ ಚೌಕಟ್ಟಿನ ತಲೆಗೆ ಮೊಳೆ ಹೊಡೆದ, ಅವಳು ಬೇವಿನ ಸೊಪ್ಪು ಕಟ್ಟಿದಳು, ಬೇವು ಕಂಡ ಮನೆಗೆ ಯಾರೂ ಬರುವುದಿಲ್ಲ, ಯಾರೂ ಹೋಗುವುದಿಲ್ಲ, ಒಗ್ಗರಣೆ ಇಲ್ಲ, ತಲೆ ಬಾಚುವಂತಿಲ್ಲ, ತಂಗಳು ಮಜ್ಜಿಗೆ, ಅರಿಸಿನದ ನೀರು, ಏನೂ ಬಿಡಲಿಲ್ಲ, ಒಂದೂ ತಪ್ಪಲಿಲ್ಲ, ಏಳು ವರ್ಷದ ಮಗನ ಮೈಯಲ್ಲಿ ಬೆರಳಿಡಲು ಜಾಗವಿರಲಿಲ್ಲ, ಬೇವಿನ ಎಸಳಿನಿಂದ ಸವರುತ್ತ ಕೂತಳು, ಅವ್ವಾ ಉರೀತದೆ, ಇಲ್ಲ ಮಗಾ ತಾಯಿ ತಣ್ಣಗಾಯ್ತಾಳೆ, ಅವ್ವಾ ಉರೀತದೆ, ಒಂಬತ್ತನೆಯ ದಿನ ಆ ಮಾತು ನಿಂತಿತು. ಸೊಪ್ಪು ಒಣಗಿ ಉದುರಿತು, ಮೊಳೆಯಲ್ಲಿ ದಾರದ ಗಂಟೊಂದು ಉಳಿಯಿತು, ಕೀಳುತ್ತೇನೆ ಅಂದ ಕಾಳಪ್ಪ ಕೀಳಲಿಲ್ಲ, ಅವಳೂ ಕೇಳಲಿಲ್ಲ.

ಅದಕ್ಕೇ ತಾನೆ, ಅದಕ್ಕೇ ತಾನೆ ಆ ಸೂಜಿಯವನ ಮಾತಿಗೆ ಒಪ್ಪಿದ್ದು, ಒಂದೂವರೆ ತಿಂಗಳ ಹಿಂದೆ, ಎತ್ತಿನ ಮೇಲೆ ಸರಕು ತರುವ ಹೇರೆತ್ತಿನವರ ಜೊತೆ ಬಡಗಲಿಂದ ಬಂದು ಹೊಳೆಯ ಪಕ್ಕದ ತೋಪಿನಲ್ಲಿ ಇಳಿದಿದ್ದ, ಮುರಿದ ಸೂಜಿ ಹಿಡಿದು ಬಂದು ಇಂಥದೇ ಒಂದು ಬೇಕು, ಮೊನೆ ಕೂದಲಿನಂಗಿರಬೇಕು ಅಂದ, ಇಷ್ಟು ಸಣ್ಣದರಲ್ಲಿ ಏನ್ ಒಲೀತೀಯಪ್ಪಾ ಅಂತ ಕಾಳಪ್ಪ ಕೇಳಿದ, ಹೊಲಿಯೋದಲ್ಲ ಆಚಾರಿ, ಮಕ್ಕಳಿಗೆ ಚುಚ್ಚೋದು. ಬಿದಿರ ಕೊಳವೆ ಬಿಚ್ಚಿ ತೋರಿಸಿದ, ಅರಳೆಯೊಳಗೆ ಹೋದ ವರ್ಷದ ಬೊಕ್ಕೆಯ ಒಣ ಹಕ್ಕಳೆ, ಯಾವುದೋ ಊರಿನ ಯಾವುದೋ ಮಗುವಿನ ಮೈಯಿಂದ ಉದುರಿದ್ದು, ಅದನ್ನು ಹೊಳೆಯ ನೀರಲ್ಲಿ ನೆನೆಸಿ ತೋಳಿಗೆ ಚುಚ್ಚಿದರೆ ಅಮ್ಮ ಸಣ್ಣದಾಗಿ ಬಂದು ಹೋಗುತ್ತಾಳೆ, ಒಂದು ಸಲ ಬಂದು ಹೋದರೆ ಜನ್ಮಕ್ಕೆಲ್ಲ ಮತ್ತೆ ಬರುವುದಿಲ್ಲ, ದೊಡ್ಡದು ಬರೋಕೆ ಮುಂಚೆ ಚಿಕ್ಕದು ನಾವೇ ಕರಿಯೋದು ಅಂದ ಅವನ ತೊದಲು ಕನ್ನಡದಲ್ಲಿ. ಸುಳ್ಳುಗಾರನ ಹಾಗಿರಲಿಲ್ಲ. ಸೊಂಟದಿಂದ ಹಗ್ಗ ಬಿಚ್ಚಿ ಅವಳ ಮುಂದೆ ಚಾಚಿದ, ಉದ್ದಕ್ಕೂ ಗಂಟು, ಚುಚ್ಚಿದ ಒಂದೊಂದು ಮಗುವಿಗೆ ಒಂದು ಗಂಟು, ಬದುಕಿದ್ದಕ್ಕೆ ಬಿಳಿ ನೂಲು, ಸತ್ತದ್ದಕ್ಕೆ ಕರಿ, ನೀನೇ ನೋಡವ್ವ — ಅವಳು ನೋಡಿದಳು, ಧೂಳಿನಲ್ಲಿ ಕಣ ಹುಡುಕುವ ಕಣ್ಣು ಅವಳದು, ಮೊಳದುದ್ದ ಬಿಳಿ, ಒಂದು ಕರಿ, ಮತ್ತೆ ಎರಡು ಮೊಳ ಬಿಳಿ, ಒಂದು ಕರಿ, ಚಂದ್ರನ ಸಲ ಊರಲ್ಲಿ ಬಿದ್ದ ಮಕ್ಕಳನ್ನು ಹೀಗೆ ಪೋಣಿಸಿದ್ದರೆ ಮೂರಕ್ಕೊಂದು ಕರಿ ಇರುತ್ತಿತ್ತು. ಸೂಜಿಗೆ ದುಡ್ಡು ಬೇಡ, ಬದಲಿಗೆ ನನ್ ಮಗಳಿಗೆ ಚುಚ್ಚು ಅಂದಳು, ಕಾಳಪ್ಪನಿಗಿಂತ ಮೊದಲು ಅವಳೇ ಅಂದಳು. ನಿಂಗಿಯ ಎಡತೋಳು, ಮೂರು ಚುಚ್ಚು, ಅಳಲಿಲ್ಲ ನನ್ನ ಮಗಳು, ಇರುವೆ ಕಚ್ದಂಗಾಯ್ತವ್ವ ಅಂದಳು. ಅವನು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದ, ಎರಡು ಸಲ ಹೇಳಿದ್ದ, ಇವಳಿಗೆ ಇದು ಚಿಕ್ಕದು, ಬೇರೆ ಮಕ್ಕಳಿಗೆ ಇವಳಿಂದ ಹೋಗೋದು ದೊಡ್ಡದೇ, ಕಡೇ ಹಕ್ಕಳೆ ಉದುರೋತನಕ ಯಾರೂ ಒಳಗೆ ಬರಬಾರದು. ಕೇಳಿಸಿಕೊಂಡಳು. ಕೇಳಿಸಲಿಲ್ಲ ಎಂದು ಹೇಳುವ ಹಾಗಿಲ್ಲ. ಅಂಗಾದ್ರೆ ಬೇವು ಕಟ್ಟಬೇಕಲ್ಲೇ ಅಂದ ಕಾಳಪ್ಪ, ಕಟ್ಟಾಕಿಲ್ಲ ಅಂದಳು ಅವಳು, ಓದ್ಸಲ ಕಟ್ಟಿದ್ದೆ, ಅದನ್ನೇ ಗುರ್ತು ಇಡ್ಕಂಡು ಒಳಗ್ ಬಂದು ನನ್ ಮಗನ್ನ ಎತ್ಕೊಂಡೋದ್ಳು, ಈ ಸಲ ಅವಳಿಗೆ ಯಾವ ಮನೆ ಅಂತ್ಲೇ ಗೊತ್ತಾಗಬಾರ್ದು, ಬಂದ ದಾರೀಲೇ ಓಗ್ಲಿ — ಊರಿನವರು ಕೇಳಿದರೆ? ದೇವರನ್ನ ಸೂಜಿಲಿ ಕರೆದ್ರಾ ಅಂತ ಕೇಳಿದರೆ? ಅದಕ್ಕೂ ಕಟ್ಟಲಿಲ್ಲ. ಎರಡಕ್ಕೂ. ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಎಷ್ಟು ತೂಗಿದರೂ ಅವಳಿಗೆ ಗೊತ್ತಾಗುವುದಿಲ್ಲ.

ಹತ್ತೊಂಬತ್ತು ಬೊಕ್ಕೆ, ಎಣಿಸಿದ್ದಳು, ಹಣೆಗೂದಲ ಅಂಚಿನಲ್ಲಿ ಎರಡು, ಬಾಕಿ ಬೆನ್ನಿಗೆ ತೋಳಿಗೆ, ಮೂರು ದಿನ ಜ್ವರ, ನಾಲ್ಕನೆಯ ದಿನ ಹುಡುಗಿ ಎದ್ದು ಕೂತು ರೊಟ್ಟಿ ಕೇಳಿತು, ದೇವರೇ ರೊಟ್ಟಿ ಕೇಳಿತು, ಆ ಸಂತೋಷಕ್ಕೇ ಇರಬೇಕು ಕಣ್ಣು ಮಂಜಾದದ್ದು, ಕಂಬಳಿ ಹೊದ್ದು ನಡುಮನೆಗೆ ಬಂದು ಕೂತಿದ್ದಳು ನಿಂಗಿ, ದ್ಯಾವಿ ಬಂದಳು, ಬಾಗಿಲಲ್ಲಿ ಬೇವಿರಲಿಲ್ಲ, ಯಾಕೆ ಬಾರದೆ ಇರುತ್ತಾಳೆ, ಏನಾಯ್ತೇ ನಿಂಗಿ ಮುದುಕಿಯಂಗೆ ಕಂಬಳಿ ಒದ್ಕೊಂಡಿದ್ದೀಯೆ — ನೆಂದು ಜ್ವರ ಬಂದಿತ್ತು ಬುಡು ಎಂದಳು ಮೂಗಮ್ಮ, ಇಕ್ಕಳದಲ್ಲಿ ಕೆಂಡ ಹಿಡಿದು, ಬೆನ್ನು ತಿರುಗಿಸಿ, ತಿರುಗಿ ನೋಡುವಷ್ಟರಲ್ಲಿ ಮಾಯ ದ್ಯಾವಿಯ ಸೊಂಟದಿಂದ ಅರ್ಧ ಜಾರಿ ಎರಡೂ ಕೈ ಮುಂದಕ್ಕೆ ಚಾಚಿದ್ದ, ನಿಂಗಿ ಕೈ ಚಾಚಲಿಲ್ಲ, ಚಾಚದೆ ತಾಯಿಯ ಮುಖ ನೋಡಿದಳು, ಯಾರನ್ನೂ ಮುಟ್ಟಬೇಡ ಅಂದದ್ದು ಅವಳಿಗೆ ನೆನಪಿತ್ತು, ಏಳು ವರ್ಷದವಳಿಗೆ ನೆನಪಿತ್ತು — ಅವ್ವಾ, ಎತ್ಕಳ್ಳಾ? ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ ದ್ಯಾವಿ. ಇಕ್ಕಳದ ತುದಿಯಲ್ಲಿ ಕೆಂಡ ಬೂದಿಯಾಗುತ್ತಿತ್ತು. ಊಂ ಅಂದಳು ಮೂಗಮ್ಮ. ಬೇಡ ಎನ್ನಲು ಬೇಕಾಗಿದ್ದ ಉಸಿರಿಗಿಂತ ಕಡಿಮೆ ಉಸಿರು. ಕಂಬಳಿಯೊಳಗೆ ನುಗ್ಗಿ ಜಡೆ ಬಾಯಿಗೆ ಹಾಕಿಕೊಂಡ ಮಾಯ, ಹದಿಮೂರನೆಯ ದಿನ ಅವನಿಗೆ ಜ್ವರ, ಎದುರುಬಾಗಿಲಿಗೆ ಬೇವು ಬಂತು, ಒಂಬತ್ತು ದಿನ ಆ ಬೇವನ್ನು ಇಲ್ಲಿಂದ ನೋಡುತ್ತ ಕೂತಿದ್ದಳು, ಒಂಬತ್ತು ದಿನ ಗೆಜ್ಜೆಯ ಸದ್ದಿಗೆ ಕಿವಿಕೊಟ್ಟಿದ್ದಳು. ಸೂಜಿಯವನ ಹಗ್ಗದಲ್ಲಿ ನಿಂಗಿಗೆ ಬಿಳಿ ಗಂಟು ಬಿದ್ದಿರುತ್ತದೆ. ಮಾಯನಿಗೆ ಯಾವುದು? ಚುಚ್ಚಿಸಿಕೊಳ್ಳದ ಕೂಸಿಗೆ ಅವನ ಹಗ್ಗದಲ್ಲಿ ಜಾಗವೇ ಇಲ್ಲ.

ಮೂಗಕ್ಕಾ. ಹೊಸ್ತಿಲ ಆಚೆ ನಿಂತಿದ್ದಳು, ಒಳಗೆ ಬರಲಿಲ್ಲ, ಕೈಯಲ್ಲಿ ಓಡಿನ ಚೂರಿರಲಿಲ್ಲ, ಮುಷ್ಟಿಯಲ್ಲಿ ಏನೋ ಇತ್ತು, ಅದು ಅಲುಗಿದಾಗ ಘಲ್ ಎಂದಿತು. ನಮ್ಮಣ್ಣ ನಾಗಮಂಗಲದಿಂದ ಗಾಡಿ ತಂದವ್ನೆ ಕಣಕ್ಕ, ಓಯ್ತಾ ಇದೀನಿ. — ಎಷ್ಟ್ ದಿನಕ್ಕೆ? — ಕರ್ಸ್ಕೊಳಾಕಿಲ್ಲವಂತೆ. ಅಂಗಂತ ನಮ್ಮತ್ತೆ ಅಂದ್ರು, ಇವ್ರು ತಲೆ ತಗ್ಗಿಸ್ಕೊಂಡು ಕೂತ್ರು. ಸರಿ ಅಲ್ವಾ ಮೂಗಕ್ಕ, ತಪ್ಪು ನಂದೇ ಅಲ್ವಾ, ಜ್ವರ ಬರಾಕೆ ಮುಂಚಿನ ದಿನ ಅತ್ತೆ ಸಂತೆಗೋಗಿದ್ರು, ಇವ್ರು ಬಾಯಿ ಕೆಟ್ಟದೆ ಅಂದ್ರು, ಎಣ್ಣೆ ಕಾಯ್ಸಿ ಸಾಸಿವೆ ಸಿಡ್ಸಿ ಒಗ್ಗರಣೆ ಆಕ್ಬುಟ್ಟೆ, ತಾಯಿ ಬಾಗಿಲಲ್ಲಿ ನಿಂತಿದ್ದು ನಂಗೇನು ಗೊತ್ತು, ಅದೇ ವಾಸ್ನೆಗೆ ಮುನಿಸ್ಕೊಂಡ್ಳು, ನನ್ ಕೂಸ ನಾನೇ ತಿಂದ್ಕೊಬುಟ್ಟೆ ಕಣಕ್ಕ. ಅಳುತ್ತಿರಲಿಲ್ಲ, ಅಡುಗೆಯ ಮಾತಿನಂತೆ ಹೇಳುತ್ತಿದ್ದಳು, ಎಷ್ಟು ಸಲ ಹೇಳಿ ಹೇಳಿ ಸವೆದಿದೆಯೋ. ಹೇಳು ಮೂಗಿ. ಸಾಸಿವೆ ಅಲ್ಲ ಕಣೆ ಎಂದು ಹೇಳು. ಹೇಳಿದರೆ ಗಾಡಿ ತಿರುಗುತ್ತದೆ, ದ್ಯಾವಿ ತಲೆಯೆತ್ತಿ ಎದುರುಮನೆಗೆ ಹೋಗುತ್ತಾಳೆ — ಹೇಳಿದರೆ ಊರು ಈ ಅಗ್ಗಿಷ್ಟಿಕೆಗೆ ನೀರು ಹುಯ್ಯುತ್ತದೆ, ಅದಾದರೂ ಆಗಲಿ, ಬೇರೆ ಊರಿದೆ, ಆದರೆ ನಿಂಗಿ, ಮಾಯನಿಗೆಂದು ಬಟ್ಟೆಯ ಗೊಂಬೆ ಹೊಲಿದು ಇನ್ನೂ ದಿಂಬಿನ ಕೆಳಗಿಟ್ಟುಕೊಂಡಿರುವ ನಿಂಗಿ, ನನ್ನ ಮಡಿಲಿಂದಲೇ ಹೋದನಾ ಎಂದು ತಿಳಿದುಕೊಂಡು ಬೆಳೆಯಬೇಕೆ, ಒಬ್ಬಳನ್ನು ಉಳಿಸಿಕೊಳ್ಳಲು ಮಾಡಿದ್ದು, ಒಬ್ಬಳನ್ನೇ. ದೊಡ್ಡವಳಾಗಲಿ, ಆಮೇಲೆ. ಗಾಡಿ ಹೋಗಲಿ, ಆಮೇಲೆ. ಇದ ಇಟ್ಕೊ ಅಕ್ಕ ಎಂದಳು ದ್ಯಾವಿ, ಮುಷ್ಟಿ ಬಿಚ್ಚಿ ಎರಡು ಗೆಜ್ಜೆ, ಆಚಾರ್ರಿಗೆ ಏಳಿ ಕರಗಿಸ್ಬುಟ್ಟು ನಿಂಗಿಗೆ ಏನಾರ ಮಾಡ್ಸು, ಕೂಸ ಅವಳಂಗೆ ಎತ್ಕೊಂಡೋರು ಯಾರೂ ಇರ್ನಿಲ್ಲ.

ತಗೊಳ್ಳಲು ಚಾಚಿದ ಕೈ ಒದ್ದೆ, ಬೂದಿ, ಬೆರಳ ಸಂದಿಯಲ್ಲಿ ಹಳದಿ ಕಣ. ಹಿಂದಿನಿಂದ ಬರಿಗಾಲ ಸಪ್ಪಳ. ನಿಂಗಿ ಬಂದು ತಾಯಿಗಿಂತ ಮುಂಚೆ ಎಡಗಾಲಿನ ಗೆಜ್ಜೆ ತೆಗೆದುಕೊಂಡಳು, ಅಲ್ಲಾಡಿಸಿದಳು, ತೆಳ್ಳನೆಯ ಸದ್ದು, ಇನ್ನೊಮ್ಮೆ, ಆಮೇಲೆ ಮುಖ ಎತ್ತಿದಳು, ಹಣೆಯ ಮೇಲೆ ಇಳಿಬಿಟ್ಟ ಕೂದಲು ಸರಿದು ಎರಡು ಕುಳಿ ಕಂಡವು, ತುಟಿ ತೆರೆಯಿತು — ಹನ್ನೊಂದು ದಿನದಿಂದ ಆ ತುಟಿ ಹೀಗೆ ತೆರೆಯುತ್ತದೆ, ಅವ್ವಾ ನಂಗೆ ಎನ್ನುತ್ತದೆ, ಅಷ್ಟಕ್ಕೇ ಮೂಗಮ್ಮ ಒಂದು ಚೂರು ಬೆಲ್ಲ ಇಟ್ಟು ಮುಚ್ಚಿಸುತ್ತಾಳೆ, ನೀರು ತಾ ಎನ್ನುತ್ತಾಳೆ, ಕೋಳಿ ನೋಡು ಎನ್ನುತ್ತಾಳೆ — ಈಗ ಬೆಲ್ಲದ ಗಡಿಗೆ ಒಳಗಿದೆ, ಕೈ ಒದ್ದೆಯಾಗಿದೆ, ನಿಂಗಿ ಹೋಗು ಒಳಗೆ, ಹೋಗು ಮಗಾ, ಮೊಣಕೈಯಲ್ಲಿ ಒಳಕ್ಕೆ ನೂಕಿದಳು, ಹುಡುಗಿ ಹೋಗಲಿಲ್ಲ, ಬಾಗಿಲಿನ ಮೇಲಕ್ಕೆ ಬೆರಳು ತೋರಿಸಿದಳು, ಬೀದಿಯಲ್ಲಿ ಎತ್ತು ಕತ್ತು ಕೊಡವಿತು, ದ್ಯಾವಿ ಆ ಬೆರಳಿನ ಜಾಡಿನಲ್ಲಿ ಕಣ್ಣೆತ್ತಿದಳು, ಮೊಳೆ, ಮೊಳೆಯಲ್ಲಿ ಎರಡು ವರ್ಷದ ಒಣ ದಾರದ ಗಂಟು, ಸೊಪ್ಪಿಲ್ಲದ ಮೊಳೆ —

ಅವ್ವಾ, ಅಣ್ಣಂಗೆ ಅಮ್ಮ ಆದಾಗ ಅಲ್ಲಿಗೆ ಬೇವು ಕಟ್ಟಿದ್ಯಲ್ಲಾ, ನಂಗಾದಾಗ ಯಾಕೆ ಕಟ್ನಿಲ್ಲ?